ಟ್ಯೂಬ್ ಪ್ರೀಆಂಪ್ ಜೊತೆ ಟ್ರಾನ್ಸಿಸ್ಟರ್ ಪವರ್ ಆಂಪ್: ಬಾಸ್ ಸೊರಗಿದರೆ
ಟ್ಯೂಬ್ ಪ್ರೀಆಂಪನ್ನು ಟ್ರಾನ್ಸಿಸ್ಟರ್ ಪವರ್ ಆಂಪ್‌ಗೆ ಜೋಡಿಸಿದ ಮೇಲೆ ಬಾಸ್ ತೆಳುವಾಗಿದ್ದರೆ, ಪ್ರೀಆಂಪ್‌ನ ಔಟ್‌ಪುಟ್ ಕಪ್ಲಿಂಗ್ ಕೆಪಾಸಿಟರನ್ನು (ಡಿಸಿ ತಡೆದು ಸಿಗ್ನಲ್ ಮಾತ್ರ ದಾಟಿಸುವಂಥದ್ದು) 2.2 ಮೈಕ್ರೋಫ್ಯಾರಡ್, 400 ವೋಲ್ಟ್ ಪಾಲಿಪ್ರೊಪಿಲೀನ್‌ಗೆ ಬದಲಿಸಿ ನೋಡಿ. (ಒಳಗಿನ ಸಪ್ಲೈ 350 ವೋಲ್ಟ್ ದಾಟಿದ್ದರೆ 630 ವೋಲ್ಟಿನದೇ ಹಾಕಿ.) ಈ ಕೆಪಾಸಿಟರ್ ಮತ್ತು ಪವರ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಅದು ಒಡ್ಡುವ ತಡೆ) ಸೇರಿ ಹೈಪಾಸ್ ಫಿಲ್ಟರ್, ಅಂದರೆ ತಗ್ಗಿನ ಸ್ವರ ತಡೆಯುವ ಜರಡಿ, ಆಗುತ್ತದೆ. 0.47 ಮೈಕ್ರೋಫ್ಯಾರಡ್‌ಗೆ 47 ಕಿಲೋಓಮ್ ಇನ್‌ಪುಟ್ ಸಿಕ್ಕರೆ ಕಟ್‌ಆಫ್ (ಇದಕ್ಕಿಂತ ಕೆಳಗಿನ ಸ್ವರಗಳು ಕುಗ್ಗುತ್ತವೆ) ಸುಮಾರು 7 ಹರ್ಟ್ಜ್, ತೊಂದರೆಯಿಲ್ಲ. ಅದೇ 10 ಕಿಲೋಓಮ್ ಆದರೆ 34ಕ್ಕೆ ಏರುತ್ತದೆ, ಬಾಸ್ ಅಲ್ಲೇ ಸೋರಿಹೋಗುವುದು. 2.2 ಹಾಕಿದರೆ ಮತ್ತೆ 7ಕ್ಕೆ ಇಳಿಯುತ್ತದೆ. ಇನ್ನೂ ದೊಡ್ಡದು ಬೇಡ. ಆನ್ ಮಾಡುವಾಗಿನ 'ದಬ್' ಜೋರಾಗುತ್ತದೆ ಅಷ್ಟೇ. ಕೆಪಾಸಿಟರ್ ನಂತರ ಗ್ರೌಂಡ್‌ಗೆ 1 ಮೆಗಾಓಮ್ ರೆಸಿಸ್ಟರ್ ಇಲ್ಲದಿದ್ದರೆ ಸೇರಿಸಿ. ಪ್ರೀಆಂಪ್ ಮೊದಲು ಆನ್, ಒಂದು ನಿಮಿಷ ಬಿಟ್ಟು ಪವರ್ ಆಂಪ್; ಆಫ್ ಮಾಡುವಾಗ ಉಲ್ಟಾ. ಔಟ್‌ಪುಟ್ ನೇರವಾಗಿ 12ಎಎಕ್ಸ್7 ಟ್ಯೂಬಿನ ಆನೋಡ್‌ನಿಂದ ಬರುತ್ತಿದ್ದರೆ ಈ ಉಪಾಯ ನಡೆಯಲ್ಲ. ಅದರ ಔಟ್‌ಪುಟ್ ಇಂಪೀಡೆನ್ಸೇ ಹತ್ತಾರು ಕಿಲೋಓಮ್ ಇರುವುದರಿಂದ 10 ಕಿಲೋಓಮ್ ಲೋಡ್‌ಗೆ ಗೇನ್ ಕುಸಿದು ಡಿಸ್ಟಾರ್ಷನ್ ಏರುತ್ತದೆ, ಅಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಇಳಿಸುವ ಕ್ಯಾಥೋಡ್ ಫಾಲೋವರ್ (ಕ್ಯಾಥೋಡ್‌ನಿಂದ ಔಟ್‌ಪುಟ್ ಕೊಡುವ ಟ್ಯೂಬ್ ಹಂತ) ಅಥವಾ ಬಫರ್ ಬೇಕೇ ಬೇಕು. ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತು, ಸಪ್ಲೈ ಕೆಪಾಸಿಟರ್‌ಗಳು ಖಾಲಿಯಾಗಿವೆಯೇ ಎಂದು ಮೀಟರ್ ಇಟ್ಟೇ ನೋಡಿ. ಉಳಿದ ಚಾರ್ಜ್ ಪ್ರಾಣಕ್ಕೇ ಕುತ್ತು.