1809ರ ಪುಟ ಬರೆದ ಬಗೆ

ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಅಮೆರಿಕದ ಚರಿತ್ರೆಯ ಯಾವುದಾದರೂ ಒಂದು ವರ್ಷದ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಸಂಪಾದಕಿ ಕೇಳಿದಾಗ, 1809 ಎಂದು ತಕ್ಷಣ ಹೇಳಿಬಿಟ್ಟೆ. ನಾವಿರುವುದು ಕೆಂಟಕಿಯ ಲೂಯಿವಿಲ್‌ನಲ್ಲಿ. ಲಿಂಕನ್ ಹುಟ್ಟಿದ ಹೊಡ್ಜೆನ್‌ವಿಲ್ ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದುವ ಈ ನೆಲದ ಕಥೆ ಮನೆಯ ಮಾತಿನಲ್ಲೂ ಅವರಿಗೆ ಸಿಗಬೇಕು ಎಂಬ ಆಸೆ ನನಗೆ ಬಹುಕಾಲದಿಂದ ಇದೆ.

ಜನನಗಳ ಪಟ್ಟಿ ಮೊದಲ ಸಂಜೆಯೇ ಸಿದ್ಧವಾಯಿತು. ಜನವರಿ 19ರಂದು ಬಾಸ್ಟನ್ನಿನಲ್ಲಿ ಕವಿ, ಕಥೆಗಾರ ಎಡ್ಗರ್ ಅಲನ್ ಪೋ. ಫೆಬ್ರವರಿ 12ರಂದು ಲಿಂಕನ್. ಅದಾಗಿ ಮೂರೇ ದಿನಕ್ಕೆ ವರ್ಜೀನಿಯಾದಲ್ಲಿ, ಮುಂದೆ ಕಟಾವು ಯಂತ್ರದಿಂದ ಹೆಸರಾದ ಸೈರಸ್ ಮೆಕಾರ್ಮಿಕ್. ಆಗಸ್ಟ್ 27ರಂದು, ಮುಂದೆ ಲಿಂಕನ್ ಅವರ ಉಪಾಧ್ಯಕ್ಷರಾದ ಹ್ಯಾನಿಬಲ್ ಹ್ಯಾಮ್ಲಿನ್, ಡಿಸೆಂಬರ್ 24ರಂದು ಪಶ್ಚಿಮದ ಕಾಡುಮೇಡುಗಳ ದಾರಿತೋರುಗ ಕಿಟ್ ಕಾರ್ಸನ್. ಹೆಸರುಗಳನ್ನು ಸಾಲಾಗಿ ಓದಿದರೆ ವರ್ಷವೇ ದೊಡ್ಡವರ ಜಾತ್ರೆಯಂತೆ ಕಾಣುತ್ತಿತ್ತು. ಎರಡನೆಯ ಸಲ ಓದಿದಾಗ ಮಾತ್ರ ಮನಸ್ಸಿಗೆ ಕಸಿವಿಸಿಯಾಯಿತು. ಈ ಹುಟ್ಟುಗಳಲ್ಲಿ ಒಂದೂ 1809ರ ಸುದ್ದಿಯಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವೆ. ಆದರೆ ಒಂದೇ ಕೋಣೆಯ ಮರದ ದಿಮ್ಮಿಯ ಮನೆಯಲ್ಲಿ ಲಿಂಕನ್ ಎಂಬ ಕೂಸು ಅತ್ತಾಗ ಯಾರ ಕಣ್ಣಿಗೂ ಯಾವ ಸಿರಿಯೂ ಬೀಳಲಿಲ್ಲ. ಹುಟ್ಟಿದವರ ಪಟ್ಟಿಯನ್ನು ಆ ವರ್ಷದ ಘಟನೆಗಳ ಜೊತೆ ಬೆರೆಸಿದರೆ ಆ ವರ್ಷ ಬದುಕಿದ್ದವರಿಗೆ ಅನ್ಯಾಯ ಮಾಡಿದಂತೆ ಎನಿಸಿತು.

ಆದ್ದರಿಂದ ನೋಟ್‌ಬುಕ್ಕಿನ ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಕ್ಕೆ ‘ಆ ವರ್ಷಕ್ಕೆ ಗೊತ್ತಿದ್ದದ್ದು’, ಬಲಕ್ಕೆ ‘ಗೊತ್ತಿಲ್ಲದ್ದು’ ಎಂದು ಬರೆದುಕೊಂಡೆ. ಮುಂದಿನ ಎರಡು ತಿಂಗಳು ನಾನು ಮಾಡಿದ ಕೆಲಸವೆಲ್ಲ ಈ ಗೆರೆಯ ಆಚೀಚೆಯದೇ.

ಎಡಭಾಗವನ್ನು ತುಂಬಿದ್ದು ಹಡಗು ಮತ್ತು ವ್ಯಾಪಾರ. ಬ್ರಿಟನ್ ಮತ್ತು ಫ್ರಾನ್ಸ್‌ಗಳ ಯುದ್ಧದ ನಡುವೆ ಸಿಕ್ಕಿಬಿದ್ದ ಅಮೆರಿಕ, 1807ರ ಡಿಸೆಂಬರಿನಲ್ಲಿ ತನ್ನ ಹಡಗುಗಳು ಪರದೇಶದ ಬಂದರಿಗೆ ಹೊರಡದಂತೆ ತಾನೇ ತಡೆ ಹಾಕಿಕೊಂಡಿತ್ತು. ಪೆಟ್ಟು ಬಿದ್ದದ್ದು ನ್ಯೂ ಇಂಗ್ಲೆಂಡಿನ ಬಂದರುಗಳ ಮೇಲೆ. 1809ರ ಮಾರ್ಚ್ 1ರಂದು, ಅಧಿಕಾರ ಬಿಟ್ಟುಕೊಡಲು ಮೂರು ದಿನವಿರುವಾಗ ಅಧ್ಯಕ್ಷ ಜೆಫರ್ಸನ್ ಆ ತಡೆಯನ್ನು ಸಡಿಲಿಸುವ ಹೊಸ ಕಾಯ್ದೆಗೆ ಸಹಿ ಹಾಕಿದರು. ಬ್ರಿಟನ್, ಫ್ರಾನ್ಸ್ ಬಿಟ್ಟು ಉಳಿದವರೊಂದಿಗೆ ವ್ಯಾಪಾರ ಮಾಡಬಹುದು ಎಂದಾಯಿತು. ಮಾರ್ಚ್ 4ರಂದು ಜೇಮ್ಸ್ ಮ್ಯಾಡಿಸನ್ ಅಧ್ಯಕ್ಷರಾದರು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲ ಕರಡಿನಲ್ಲಿ ‘ಜೂನ್ 10: ಬ್ರಿಟನ್ನಿನೊಂದಿಗೆ ವ್ಯಾಪಾರ ಮತ್ತೆ ಆರಂಭ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ತಾರೀಖು ಸರಿ, ಸಾಲು ಸುಳ್ಳು. ಬ್ರಿಟಿಷ್ ರಾಯಭಾರಿ ಡೇವಿಡ್ ಎರ್ಸ್ಕಿನ್ ಏಪ್ರಿಲ್‌ನಲ್ಲಿ ಒಪ್ಪಂದ ಮಾಡಿಕೊಂಡದ್ದು ನಿಜ. ಅದನ್ನು ನಂಬಿ ಮ್ಯಾಡಿಸನ್ ಜೂನ್ 10ರಿಂದ ವ್ಯಾಪಾರ ತೆರೆದದ್ದೂ ನಿಜ. ಆದರೆ ಲಂಡನ್ನಿನಲ್ಲಿ ವಿದೇಶಾಂಗ ಮಂತ್ರಿ ಜಾರ್ಜ್ ಕ್ಯಾನಿಂಗ್, ತಮ್ಮ ರಾಯಭಾರಿ ಸೂಚನೆ ಮೀರಿ ನಡೆದಿದ್ದಾರೆಂದು ಆ ಒಪ್ಪಂದವನ್ನು ಮೇ ತಿಂಗಳಲ್ಲೇ ತಳ್ಳಿಹಾಕಿಯಾಗಿತ್ತು. ಆ ಸುದ್ದಿ ಇನ್ನೂ ಅಟ್ಲಾಂಟಿಕ್ ಸಾಗರದ ಮೇಲಿತ್ತು. ಸರಕು ತುಂಬಿದ ಹಡಗುಗಳು ಅಮೆರಿಕದ ಬಂದರುಗಳಿಂದ ಹೊರಟಾಗ, ಅವು ನಂಬಿದ್ದ ಒಪ್ಪಂದ ಸತ್ತು ವಾರಗಳೇ ಕಳೆದಿದ್ದವು. ಆಗಸ್ಟ್ 9ರಂದು ಮ್ಯಾಡಿಸನ್ ಮತ್ತೆ ನಿರ್ಬಂಧ ಹೇರಬೇಕಾಯಿತು. ಒಂದು ಸಾಲನ್ನು ಹೊಡೆದುಹಾಕಿ ಮುಕ್ಕಾಲು ಪುಟ ಬರೆದೆ. ಸಂಪಾದಕಿ ಉದ್ದವಾಯಿತು ಎಂದರು. ಒಂದಕ್ಷರ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಈ ವ್ಯಾಪಾರದ ತಡೆಯೇ ನನ್ನನ್ನು ಮೇರಿ ಕೀಸ್ ಬಳಿಗೆ ಕರೆದೊಯ್ದದ್ದು. ಹೊರಗಿನ ಟೋಪಿಗಳು ಬರುವುದು ನಿಂತಾಗ ನ್ಯೂ ಇಂಗ್ಲೆಂಡಿನ ಹೆಂಗಸರು ಹುಲ್ಲಿನ ಟೋಪಿ ಹೆಣೆಯುವುದು ಹೆಚ್ಚಾಯಿತು. ಕನೆಕ್ಟಿಕಟ್‌ನ ಕೀಸ್ ಹುಲ್ಲನ್ನು ರೇಷ್ಮೆ ಎಳೆಯ ಜೊತೆ ಹೆಣೆಯುವ ವಿಧಾನವೊಂದನ್ನು ಕಂಡುಹಿಡಿದು, ಮೇ 5ರಂದು ಅದಕ್ಕೆ ಪೇಟೆಂಟ್ ಪಡೆದರು. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ. ಆ ಮೂಲ ಕಾಗದ ಇಂದು ಇಲ್ಲ. 1836ರ ಡಿಸೆಂಬರಿನಲ್ಲಿ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ನಾಲ್ಕು ಪುಟಗಳಲ್ಲಿ ನನಗೆ ತೀರ ಪ್ರಿಯವಾದ ಭಾಗ ಇದು.

ಇನ್ನು ಬಲಭಾಗ. ಜನನದ ತಾರೀಖು ಎಲ್ಲಿಂದ ಬಂತು ಎಂದು ಪ್ರತಿ ಹೆಸರಿಗೂ ಕೇಳಿಕೊಂಡೆ. ಲಿಂಕನ್ 1859ರಲ್ಲಿ ತಮ್ಮ ಬಗ್ಗೆ ಬರೆದುಕೊಟ್ಟ ಚಿಕ್ಕ ಟಿಪ್ಪಣಿಯಲ್ಲಿ ಹುಟ್ಟಿದ್ದು ಹಾರ್ಡಿನ್ ಕೌಂಟಿಯಲ್ಲಿ ಎನ್ನುತ್ತಾರೆ. ಈಗಿನ ನಕ್ಷೆಯಲ್ಲಿ ಆ ಜಾಗ ಲರೂ ಕೌಂಟಿಯಲ್ಲಿದೆ. ಎರಡೂ ಸರಿ, ಏಕೆಂದರೆ ಲರೂ ಕೌಂಟಿ ಬೇರೆಯಾದದ್ದು 1843ರಲ್ಲಿ. ಹ್ಯಾಮ್ಲಿನ್ ವಿಷಯವೂ ಹೀಗೆಯೇ. ಅವರು ಮೇನ್‌ನವರು ಎಂದು ಎಲ್ಲರೂ ಬರೆಯುತ್ತಾರೆ, ಆದರೆ 1809ರಲ್ಲಿ ಆ ಊರು ಮ್ಯಾಸಚೂಸೆಟ್ಸ್‌ಗೆ ಸೇರಿತ್ತು. ಮೇನ್ ರಾಜ್ಯವಾದದ್ದು 1820ರಲ್ಲಿ. ಪೋ ಅವರದು ಇನ್ನೊಂದು ಬಗೆಯ ತೊಡಕು. 1827ರಲ್ಲಿ ಸೇನೆಗೆ ಸೇರುವಾಗ ಬೇರೆ ಹೆಸರು ಕೊಟ್ಟು, ಹದಿನೆಂಟರ ವಯಸ್ಸನ್ನು ಇಪ್ಪತ್ತೆರಡು ಎಂದು ಬರೆಸಿದ್ದರು. ಸ್ವಂತ ಬಾಯಿಂದ ಬಂದದ್ದನ್ನೂ ಇನ್ನೊಂದು ದಾಖಲೆಯ ಜೊತೆ ಇಟ್ಟು ನೋಡದೆ ಬರೆಯಬಾರದು ಎಂದು ಅಂದಿನಿಂದ ರೂಢಿ ಮಾಡಿಕೊಂಡೆ.

ತಾರೀಖು ಇರುವವರ ಕಥೆ ಇದು. 1810ರ ಜನಗಣತಿಯ ಪ್ರಕಾರ ದೇಶದ ಸುಮಾರು 72 ಲಕ್ಷ ಜನರಲ್ಲಿ 12 ಲಕ್ಷದಷ್ಟು ಜನ ಗುಲಾಮರು. ಅವರ ಮನೆಗಳಲ್ಲಿ ಆ ವರ್ಷ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ತಮ್ಮ ಹುಟ್ಟಿದ ದಿನವೇ ತಿಳಿಯಲಿಲ್ಲ. ಪಟ್ಟಿಯಲ್ಲಿ ಸಿಕ್ಕ ಕಪ್ಪು ಜನಾಂಗದ ಹೆಸರು ಜೋಸೆಫ್ ಜೆಂಕಿನ್ಸ್ ರಾಬರ್ಟ್ಸ್. ಮಾರ್ಚ್ 15ರಂದು ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸ್ವತಂತ್ರನಾಗಿ ಹುಟ್ಟಿ, ಮುಂದೆ ಲೈಬೀರಿಯಾದ ಮೊದಲ ಅಧ್ಯಕ್ಷರಾದವರು. ಅವರ ಹೆಸರನ್ನು ಲಿಂಕನ್ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿದೆ.

ಸಾವುಗಳನ್ನು ಎಡಭಾಗದಲ್ಲಿ ಸೇರಿಸುವುದು ಸುಲಭ ಎಂದುಕೊಂಡಿದ್ದೆ. ಆದರೆ ಸ್ವಾತಂತ್ರ್ಯ ಸಮರಕ್ಕೆ ತಮ್ಮ ಬರಹದಿಂದ ಕಿಚ್ಚು ಹಚ್ಚಿದ ಥಾಮಸ್ ಪೇನ್ ಜೂನ್ 8ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಪಶ್ಚಿಮದ ಸಾಗರದವರೆಗೆ ಹೋಗಿ ಬಂದಿದ್ದ ಅನ್ವೇಷಕ ಮೆರಿವೆದರ್ ಲೂಯಿಸ್ ಅಕ್ಟೋಬರ್ 11ರಂದು ಟೆನ್ನೆಸೀಯ ದಾರಿಬದಿಯ ತಂಗುಮನೆಯೊಂದರಲ್ಲಿ ಗುಂಡೇಟಿನಿಂದ ಸತ್ತರು. ಆತ್ಮಹತ್ಯೆಯೋ ಕೊಲೆಯೋ ಎಂಬ ವಾದ ಇನ್ನೂ ನಿಂತಿಲ್ಲ. ಅವರನ್ನು ಗೆರೆಯ ಮೇಲೆಯೇ ಬರೆದೆ.

ಸೆಪ್ಟೆಂಬರ್ 30ರ ಫೋರ್ಟ್ ವೇಯ್ನ್ ಒಪ್ಪಂದವನ್ನೂ ಅಲ್ಲಿಯೇ ಇಟ್ಟೆ. ಇಂಡಿಯಾನಾ ಪ್ರಾಂತ್ಯದ ಗವರ್ನರ್ ವಿಲಿಯಂ ಹೆನ್ರಿ ಹ್ಯಾರಿಸನ್ ಮೂಲನಿವಾಸಿಗಳ ಕೆಲವು ಪಂಗಡಗಳಿಂದ ಸುಮಾರು 30 ಲಕ್ಷ ಎಕರೆ ಪಡೆದರು. ನೆಲ ಎಲ್ಲ ಪಂಗಡಗಳಿಗೂ ಸೇರಿದ್ದು, ಕೆಲವರು ಮಾರಲಾಗದು ಎಂದು ಶಾನೀ ಪಂಗಡದ ನಾಯಕ ಟೆಕಮ್ಸೆ ಮರುವರ್ಷ ಅವರ ಎದುರಿಗೇ ನಿಂತು ಹೇಳಿದ. ವಾಷಿಂಗ್ಟನ್ನಿಗೆ ಇದು ಮುಗಿದ ವ್ಯವಹಾರ, ಟೆಕಮ್ಸೆಗೆ ಆಗಷ್ಟೇ ಶುರುವಾದದ್ದು.

ಕೊನೆಗೆ ಚಿತ್ರ ಬೇಕಾಯಿತು. ಹೊಡ್ಜೆನ್‌ವಿಲ್‌ನಲ್ಲಿ ಲಿಂಕನ್ ಬದುಕಿದ ವರ್ಷಕ್ಕೊಂದರಂತೆ 56 ಮೆಟ್ಟಿಲು, ಮೇಲೆ ಕಲ್ಲಿನ ಸ್ಮಾರಕ, ಒಳಗೆ ಮರದ ದಿಮ್ಮಿಯ ಮನೆ. ಆದರೆ ಆ ಮನೆ ಅವರು ಹುಟ್ಟಿದ ಮನೆಯಲ್ಲ, ಸಂಕೇತವಾಗಿ ಇಟ್ಟದ್ದು. ಸ್ಮಾರಕ ಮುಗಿದದ್ದು 1911ರಲ್ಲಿ. ಮೆಟ್ಟಿಲುಗಳ ಪಕ್ಕದಿಂದ ಕೆಳಗಿಳಿದರೆ ಕಲ್ಲಿನ ಗುಳಿಯೊಂದರಲ್ಲಿ ಊಟೆ ಸಿಗುತ್ತದೆ. ಬಂಡೆಯ ಅಂಚಿನಿಂದ ನೀರು ತೆಳ್ಳಗೆ ಜಿನುಗಿ, ಕೆಳಗಿನ ಕತ್ತಲೆಗೆ ಇಳಿದು ಮಾಯವಾಗುತ್ತದೆ. ಲಿಂಕನ್ ಮನೆಯವರು ಕುಡಿಯುವ ನೀರು ತಂದದ್ದು ಇಲ್ಲಿಂದಲೇ. ಮುಖಪುಟಕ್ಕೆ ಅದರ ಚಿತ್ರವನ್ನೇ ತೆಗೆದುಕೊಟ್ಟೆ.