ನಮ್ಮ ಮನೆಯ ರೈಫಲ್, ಬೇರೆ ಮನೆಯ ಬೋಲ್ಟ್

ಹೊಡೆದ ತೋಟಾದ ಖಾಲಿ ಕೊಳವೆ ಹಿಡಿದುಕೊಂಡು ಅಕ್ಕನ ಮಗ ನನ್ನ ಹತ್ತಿರ ಓಡಿ ಬಂದ. ‘ಮಾವ, ಇದಕ್ಕೆ ಉಂಗುರ ತೊಡಿಸಿದ ಹಾಗೆ ಗೆರೆ ಇದೆ ನೋಡಿ’ ಅಂದ. ಕೊಡಗಿನಲ್ಲಿ ನಾವು ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದ ಮಧ್ಯಾಹ್ನ. ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತಿತ್ತು. ನಾನು ಒಂದೇ ಒಂದು ಗುಂಡು ಹೊಡೆದಿದ್ದೆ. ಕಾಯಿಗೆ ತಾಗಲಿಲ್ಲ ಅನ್ನುವ ಬೇಜಾರಿನಲ್ಲಿ ಎರಡನೇ ತೋಟಾ ಕೈಗೆ ತೆಗೆದುಕೊಂಡಿದ್ದೆ.

ಕೊಳವೆಯನ್ನು ಬಿಸಿಲಿಗೆ ಹಿಡಿದೆ. ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ, ಹಿತ್ತಾಳೆಯ ಸುತ್ತ ತೆಳ್ಳನೆಯ ಬೆಳ್ಳಗಿನ ಗೆರೆ. ಉಳಿದ ಮೈಯೆಲ್ಲ ಮಬ್ಬು, ಅದೊಂದು ಮಾತ್ರ ಹೊಸದಾಗಿ ಉಜ್ಜಿದ ಹಾಗೆ ಹೊಳೆಯುತ್ತಿತ್ತು. ತೋಟಾದ ಹಿಂದೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳುವ ಬೋಲ್ಟನ್ನು ರೈಫಲ್ಲಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ. ಸ್ಪರ್ಧೆ ನಡೆಸುವವರಿಗೆ ‘ನಾನು ಹಿಂದೆ ಸರಿಯುತ್ತೇನೆ’ ಅಂದು ಮನೆಗೆ ಬಂದೆ.

ಆ ರೈಫಲ್ ಅಪ್ಪನದು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ .315. ಹಳೆಯ ಲೀ ಎನ್‌ಫೀಲ್ಡ್ ಮಿಲಿಟರಿ ರೈಫಲ್ಲಿನ ಮಾದರಿಯಲ್ಲೇ, ಜನಸಾಮಾನ್ಯರಿಗೆ ಕೊಡಬಹುದಾದ ಬೇರೆ ಅಳತೆಯ ತೋಟಾಕ್ಕೆ ಮಾಡಿದ್ದು. ಅಪ್ಪ ಇದನ್ನು ಬೇಟೆಗೇ ತಂದದ್ದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದು ಯಾವ ಪ್ರಾಣಿಯ ಮೇಲೂ ಗುಂಡು ಹಾರಿಸಿಲ್ಲ. ವರ್ಷಕ್ಕೊಮ್ಮೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿಕೊಂಡು ದೀಪದ ಮುಂದೆ ಕೂರುತ್ತದೆ, ಸ್ಪರ್ಧೆಗೆ ಹೋಗುತ್ತದೆ. ಅಪ್ಪ ತೀರಿಕೊಂಡ ದಿನ ಊರಿಗೆ ತಿಳಿಯಲಿ ಅಂತ ಎರಡು ಗುಂಡು ಹಾರಿಸಿದ್ದೂ ಇದರಿಂದಲೇ. ಬೇರೆಯವರಿಗೆ ಇದು ಹಳೇ ಕಬ್ಬಿಣ ಇರಬಹುದು. ನನಗಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಕಬ್ಬಿಣ ಉಳಿಸಿಕೊಳ್ಳುವುದೇ ಕಷ್ಟ. ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸದಿದ್ದರೆ ನಳಿಗೆಯ ಮೇಲೆ ಕೆಂಪು ಪುಡಿ ಏಳುತ್ತದೆ. ಆ ವರ್ಷ ನನಗೆ ಆಪರೇಷನ್ ಆಗಿ ಎರಡು ತಿಂಗಳು ಮಲಗಿದ್ದೆ, ತುಕ್ಕು ಹಿಡಿಯಿತು. ಮುಂದಿನ ಮರದಲ್ಲಿ ಸಣ್ಣ ಸೀಳು ಬೇರೆ. ಟ್ರಿಗರ್ ಸ್ವಲ್ಪ ಬಿಗಿ ಅನ್ನಿಸುತ್ತಿತ್ತು. ಮೂರನ್ನೂ ಹೇಳಿ ಒಬ್ಬ ರಿಪೇರಿಯವರ ಹತ್ತಿರ ಕೊಟ್ಟೆ. ನಾನು ಮಾಡಿದ ಮೊದಲ ತಪ್ಪು, ಬಾಯಿಮಾತಿನಲ್ಲಿ ಹೇಳಿದ್ದು. ‘ಟ್ರಿಗರ್ ಸ್ವಲ್ಪ ಸ್ಮೂತ್ ಮಾಡಿ’ ಅಂದರೆ ಎಷ್ಟು? ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ ವಾಪಸ್ ಬಂತು. ‘ಹೊಸ ಕೋವಿ ಥರ ಆಗಿದೆ ಅಲ್ವಾ ಸಾರ್?’ ಅಂದರು. ನಿಜವಾಗಿಯೂ ಹಾಗೇ ಇತ್ತು. ಕಡುಗಪ್ಪು ನಳಿಗೆ, ಮಿರಮಿರ ಮಿಂಚುವ ಮರ. 8,500 ರೂಪಾಯಿ ಕೊಟ್ಟು ಖುಷಿಯಲ್ಲಿ ತಂದೆ. ಹೊಳಪು ನೋಡಿ ನನ್ನ ಕಣ್ಣು ಅಲ್ಲಿಗೇ ನಿಂತುಬಿಟ್ಟಿತು.

ಮನೆಗೆ ಬಂದ ಆ ಮಧ್ಯಾಹ್ನ ಮೊದಲು ಮಾಡಿದ್ದು ತಂತಿ ಪರೀಕ್ಷೆ. ಇದನ್ನು ಅಪ್ಪ ಕಲಿಸಿದ್ದು. ಒಂದು ತೆಳ್ಳನೆಯ ತಂತಿಯ ತುದಿಯನ್ನು ಸಣ್ಣ ಕೊಕ್ಕೆಯ ಹಾಗೆ ಬಾಗಿಸಿ, ಖಾಲಿ ತೋಟಾದ ಒಳಗೆ ಬುಡದವರೆಗೆ ಇಳಿಸಬೇಕು. ಆಮೇಲೆ ಗೋಡೆಗೆ ತಾಗಿಸಿಕೊಂಡು ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ಗೋಡೆ ಸರಿ ಇದ್ದರೆ ತಂತಿ ನುಣ್ಣಗೆ ಜಾರುತ್ತದೆ. ನನ್ನ ತಂತಿ ಆ ಬೆಳ್ಳಗಿನ ಗೆರೆಯ ಜಾಗಕ್ಕೆ ಬಂದಾಗ ‘ಟಕ್’ ಅಂತ ಸಿಕ್ಕಿಕೊಂಡಿತು. ಒಳಗಡೆ ಚರಂಡಿ ಬಿದ್ದಿದೆ ಅಂತ ಅರ್ಥ. ಹಿತ್ತಾಳೆ ಅಲ್ಲಿ ಎಳೆದು ತೆಳುವಾಗಿದೆ.

ಅದು ಯಾಕೆ ಆಗುತ್ತದೆ? ಈ ತೋಟಾಕ್ಕೆ ಬುಡದಲ್ಲಿ ಅಂಚು ಇದೆ. ಆ ಅಂಚು ಮುಂದೆ ನಳಿಗೆಗೂ ಹಿಂದೆ ಬೋಲ್ಟಿನ ಮುಖಕ್ಕೂ ನಡುವೆ ಬಿಗಿಯಾಗಿ ಕೂರಬೇಕು. ಅಲ್ಲಿ ಜಾಗ ಜಾಸ್ತಿಯಾದರೆ, ಗುಂಡು ಹಾರಿದಾಗ ಕೊಳವೆಯ ಮುಂಭಾಗ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬುಡ ಮಾತ್ರ ಒತ್ತಡಕ್ಕೆ ಹಿಂದೆ ಸರಿದು ಬೋಲ್ಟಿಗೆ ಬಡಿಯುತ್ತದೆ. ನಡುವಿನ ಹಿತ್ತಾಳೆ ಹಿಗ್ಗುತ್ತದೆ. ಇನ್ನೂ ಸ್ವಲ್ಪ ಜಾಗ ಜಾಸ್ತಿ ಇದ್ದಿದ್ದರೆ ಕೊಳವೆ ಎರಡು ತುಂಡಾಗುತ್ತಿತ್ತು. ಒಳಗಿನ ಬಿಸಿ ಗ್ಯಾಸ್ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ನುಗ್ಗುತ್ತದೆ. ಅಕ್ಕನ ಮಗ ನನ್ನ ಬಲಗಡೆ ಎರಡು ಮಾರು ದೂರದಲ್ಲಿ ನಿಂತಿದ್ದ. ಅದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ತೋಟಾನೇ ಕೆಟ್ಟದ್ದಿರಬಹುದಲ್ಲ ಅನ್ನುವ ಅನುಮಾನ ನನಗೂ ಬಂತು. ಅದೃಷ್ಟಕ್ಕೆ ಹಿಂದಿನ ವರ್ಷಗಳಲ್ಲಿ ಇದೇ ರೈಫಲ್ಲಿನಲ್ಲಿ ಹೊಡೆದ ಖಾಲಿ ತೋಟಾಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೆ. ಈ ತೋಟಾ ಬಂದ ಪೆಟ್ಟಿಗೆಯಿಂದಲೇ ತೆಗೆದವು, ಬುಡದಲ್ಲಿ ಅದೇ ಕೆ.ಎಫ್. ಮುದ್ರೆ. ಹನ್ನೊಂದನ್ನೂ ತಂತಿ ಹಾಕಿ ನೋಡಿದೆ. ಒಂದರಲ್ಲೂ ಗೆರೆ ಇಲ್ಲ. ಹಾಗಾದರೆ ರಿಪೇರಿಗೆ ಹೋಗಿ ಬಂದ ಮೇಲೆ ರೈಫಲ್ಲಿನಲ್ಲೇ ಏನೋ ಬದಲಾಗಿದೆ.

ಬೋಲ್ಟನ್ನು ಜೇಬಿನಿಂದ ತೆಗೆದು ಹಿಡಿಯ ಹಿಂಭಾಗ ಒರೆಸಿದೆ. ಲೀ ಎನ್‌ಫೀಲ್ಡ್ ಜಾತಿಯ ರೈಫಲ್ಲುಗಳಲ್ಲಿ ಬೋಲ್ಟನ್ನು ಆಯಾ ರೈಫಲ್ಲಿಗೇ ಕೂರಿಸಿ, ಅದರ ನಂಬರನ್ನೇ ಬೋಲ್ಟಿನ ಹಿಡಿಯ ಮೇಲೂ ಒತ್ತಿರುತ್ತಾರೆ. ನನ್ನ ಕೈಲಿದ್ದ ನಂಬರಿನ ಕೊನೆಯ ಮೂರು ಅಂಕಿ ಬೇರೆ ಇದ್ದವು. ಅದು ನಮ್ಮ ಬೋಲ್ಟೇ ಅಲ್ಲ! ಬೆಂಚಿನ ಮೇಲೆ ಎರಡು .315 ಬಿಚ್ಚಿಟ್ಟುಕೊಂಡು, ಜೋಡಿಸುವಾಗ ಅದಲು ಬದಲು ಮಾಡಿದ್ದಾರೆ.

ಆಗ ಉಳಿದದ್ದನ್ನೂ ಒಂದೊಂದಾಗಿ ನೋಡಲು ಕೂತೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ಬೆರಳು ಹಾಕಿ ಖಾತ್ರಿ ಮಾಡಿಕೊಂಡು, ಬೋಲ್ಟ್ ಮುಚ್ಚಿ, ಹಿಂದಿನ ಮರವನ್ನು ಮಡಿಸಿದ ಕಂಬಳಿಯ ಮೇಲೆ ಮೆಲ್ಲಗೆ ಕುಟ್ಟಿದೆ. ಮೂರನೇ ಸಲಕ್ಕೆ, ತೋಟಾದ ಬುಡಕ್ಕೆ ಬಡಿದು ಗುಂಡು ಹಾರಿಸುವ ಸೂಜಿ ತಾನಾಗಿ ಬಿತ್ತು. ಟ್ರಿಗರ್ ಮುಟ್ಟಿರಲೇ ಇಲ್ಲ. ಬೋಲ್ಟನ್ನು ಸ್ವಲ್ಪ ಜೋರಾಗಿ ತಳ್ಳಿದರೂ ಬೀಳುತ್ತಿತ್ತು. ಕರಿಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ಎಳೆದೆ. ಈ ಮಾದರಿಯಲ್ಲಿ ಎಳೆತ ಎರಡು ಹಂತದ್ದು. ಮೊದಲು ಸಡಿಲವಾಗಿ ಬಂದು ಒಂದು ಕಡೆ ನಿಲ್ಲಬೇಕು, ಆಮೇಲೆ ಎರಡೂಕಾಲು ಎರಡೂಮುಕ್ಕಾಲು ಕೆಜಿ ಭಾರಕ್ಕೆ ಬಿಡಬೇಕು. ನನ್ನದರಲ್ಲಿ ನಿಲ್ಲುವುದೇ ಇಲ್ಲ. ಒಂದು ಕೆಜಿ ಮುಟ್ಟುವ ಮೊದಲೇ ಬಿಟ್ಟಿತು. ಸೂಜಿಯನ್ನು ತಡೆದು ಹಿಡಿಯುವ ಕೊಕ್ಕೆಗೆ ಸಿಯರ್ ಅನ್ನುತ್ತಾರೆ. ಅದರ ಮೂಗನ್ನು ಅರ ಹಾಕಿ ಉಜ್ಜಿಬಿಟ್ಟಿದ್ದರು.

ಮರದ ಸೀಳಿಗೆ ಪುಟ್ಟಿ ತುಂಬಿ ಮೇಲೆ ವಾರ್ನಿಷ್ ಬಳಿದಿದ್ದರು. ಅದು ಬಿಡಿ, ಮಾಡಿಸಿಕೊಳ್ಳಬಹುದು.

ನನಗೆ ಹೆಚ್ಚು ಹೆದರಿಕೆ ಆದದ್ದು ರೈಫಲ್ಲಿನ ಮೈಮೇಲಿನ ನಂಬರ್ ನೋಡಿದಾಗ. ತುಕ್ಕು ತೆಗೆಯುವ ಹೆಸರಲ್ಲಿ ಬಫಿಂಗ್ ಚಕ್ರಕ್ಕೆ ಎಷ್ಟು ಒತ್ತಿ ಹಿಡಿದಿದ್ದರು ಅಂದರೆ, ಎರಡು ಅಂಕಿ ಹೆಚ್ಚು ಕಡಿಮೆ ಮಾಸಿಯೇ ಹೋಗಿದ್ದವು. ಟಾರ್ಚನ್ನು ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತಿತ್ತು. 1959ರ ಆಯುಧ ಕಾಯ್ದೆಯ 8ನೇ ಕಲಂ ಪ್ರಕಾರ ಕೋವಿಯ ನಂಬರ್ ಅಳಿಸುವುದು ಅಪರಾಧ. ಅಳಿಸಿದ ಕೋವಿ ಯಾರ ಹತ್ತಿರ ಸಿಗುತ್ತದೋ ಅವರೇ ಅಳಿಸಿದ್ದು ಅಂತ ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲ ಅಂತ ತೋರಿಸಬೇಕಾದ್ದು ನಾವು. ನಮ್ಮ ಜಿಲ್ಲೆಯಲ್ಲಿ ಕೊಡವರಿಗೂ, ಜಮ್ಮಾ ಅನ್ನುವ ಹಳೆಯ ಪದ್ಧತಿಯ ಭೂ ಹಿಡುವಳಿದಾರರಿಗೂ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ವಿನಾಯಿತಿ ಇರುವುದು ಲೈಸೆನ್ಸಿಗೆ, ನಂಬರ್ ಅಳಿಸುವುದಕ್ಕಲ್ಲ. ಇದನ್ನು ನಮ್ಮವರಲ್ಲೇ ಎಷ್ಟೋ ಜನ ಗಮನಿಸಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಠಾಣೆಗೆ ಹೋದೆ. ಹಳೆಯ ದಾಖಲೆ, ರಿಪೇರಿಯ ರಸೀದಿ, ಓರೆ ಬೆಳಕಿನಲ್ಲಿ ತೆಗೆದ ಫೋಟೋ, ಒಂದು ಪುಟದ ಅರ್ಜಿ. ನಂಬರ್ ಹೇಗೆ ಮಾಸಿತು, ಬೋಲ್ಟ್ ಹೇಗೆ ಬದಲಾಯಿತು, ಎರಡನ್ನೂ ಬರೆದು ಕೊಟ್ಟು ಸ್ವೀಕೃತಿ ಪಡೆದೆ. ಒಬ್ಬರು ಗೆಳೆಯರು ‘ಸುಮ್ನೆ ಯಾಕೆ ಗಲಾಟೆ, ಪಂಚ್ ಹಾಕಿ ನೀನೇ ನಂಬರ್ ಹೊಡ್ಕೋ’ ಅಂದಿದ್ದರು. ಹಾಗೆ ಮಾಡಿದರೆ ಇರುವ ಒಂದು ತೊಂದರೆ ಎರಡಾಗುತ್ತದೆ.

ರಿಪೇರಿಯವರಿಗೆ ಫೋನ್ ಮಾಡಿದ್ದು ಹಿಂದಿನ ರಾತ್ರಿಯೇ. ಮೊದಲು ‘ತೋಟಾ ಹಳೇದಿರ್ಬೇಕು ಸಾರ್’ ಅಂದರು. ಡಬ್ಬಿಯ ಹನ್ನೊಂದು ತೋಟಾದ ವಿಷಯ ಹೇಳಿದೆ. ಬೋಲ್ಟಿನ ನಂಬರ್ ಓದಿದೆ. ಆ ಕಡೆ ಮಾತು ನಿಂತಿತು. ದುಡ್ಡಿನ ಮಾತು ನಾನು ಎತ್ತಲಿಲ್ಲ. ‘ನಮ್ಮ ಬೋಲ್ಟ್ ಯಾರ ಮನೆಯಲ್ಲಿದೆಯೋ ಅವರೂ ಹಬ್ಬಕ್ಕೆ ಗುಂಡು ಹೊಡೀತಾರೆ. ಅವರ ನಂಬರ್ ನನಗೆ ಕೊಡ್ಬೇಡಿ. ನೀವೇ ಈಗಲೇ ಫೋನ್ ಮಾಡಿ, ಹೊಡೀಬೇಡಿ ಅಂತ ಹೇಳಿ’ ಅಂದೆ. ಅರ್ಧ ಗಂಟೆಯಲ್ಲಿ ಆ ಮನೆಯ ಹಿರಿಯರೇ ನನಗೆ ಫೋನ್ ಮಾಡಿದರು. ಅವರದು ಇನ್ನೂ ಪೂಜೆಯಿಂದ ಎತ್ತಿರಲಿಲ್ಲ. ಎಂಬತ್ತು ದಾಟಿದವರು, ದನಿ ನಡುಗುತ್ತಿತ್ತು. ‘ಮೊಮ್ಮಕ್ಕಳು ನಾಳೆ ಹೊಡೀಬೇಕು ಅಂತಿದ್ರು ಮಗ’ ಅಂದರು.

ಬೋಲ್ಟುಗಳನ್ನು ನಾವೇ ಅದಲು ಬದಲು ಮಾಡಿಕೊಂಡು ಮುಗಿಸಬಹುದಿತ್ತು. ಮಾಡಲಿಲ್ಲ. ಬೋಲ್ಟಿನ ಮೂತಿ ತಿರುಪಿನ ಮೇಲೆ ಕೂರುತ್ತದೆ. ಬಿಚ್ಚಿದವರು ಅದನ್ನೂ ಬದಲಿಸಿದ್ದಾರೋ ಇಲ್ಲವೋ ಯಾರಿಗೆ ಗೊತ್ತು? ಇಬ್ಬರೂ ಸೇರಿ ರಿಪೇರಿಯ ಲೈಸೆನ್ಸ್ ಇರುವ ಇನ್ನೊಬ್ಬರ ಹತ್ತಿರ ಹೋದೆವು. ಆ ಹಿರಿಯರು ನಮ್ಮ ಬೋಲ್ಟನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಎಣ್ಣೆ ಹಚ್ಚಿ ತಂದಿದ್ದರು. ಆ ಕೆಲಸಗಾರರು ಯಾವುದನ್ನೂ ಮುಟ್ಟುವ ಮೊದಲು ಫೋಟೋ ತೆಗೆದರು, ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. ಗೇಜ್ ಹಾಕಿ ಅಳೆದರು. ನಮ್ಮ ಬೋಲ್ಟ್ ನಮ್ಮ ರೈಫಲ್ಲಿಗೆ ಹಾಕಿದ ಕೂಡಲೇ ಅಳತೆ ಸರಿಯಾಯಿತು. ಸಿಯರನ್ನು ಬೆಳಕಿಗೆ ಹಿಡಿದು, ‘ಇದರ ಮೇಲ್ಪದರ ಮಾತ್ರ ಗಟ್ಟಿ ಮಾಡಿರ್ತಾರೆ. ಅರ ಅದನ್ನ ದಾಟಿ ಹೋಗಿದೆ. ಈಗ ಸರಿ ಮಾಡಿದ್ರೂ ಒಳಗಿನ ಮೆತ್ತನೆ ಕಬ್ಬಿಣ ಮತ್ತೆ ಸವೆಯುತ್ತೆ’ ಅಂದರು. ಬೇರೆಯದೇ ಹಾಕಬೇಕು. ಅದು ಸಿಗಲು ನಾಲ್ಕು ತಿಂಗಳಾಯಿತು. ನಾನು ಆತುರ ಮಾಡಲಿಲ್ಲ.

ಈ ಸಲ ಏನೇನು ಆಗಬೇಕು ಅಂತ ಕಾಗದದಲ್ಲಿ ಬರೆದು, ನಾನೂ ಆ ಕೆಲಸಗಾರರೂ ಸಹಿ ಹಾಕಿದೆವು. ಟ್ರಿಗರ್ ಎಷ್ಟು ಕೆಜಿ, ಯಾವ ಭಾಗ ಬದಲು, ತೆಗೆದ ಹಳೇ ಭಾಗ ನನಗೆ ವಾಪಸ್, ನಂಬರ್ ಇರುವ ಜಾಗಕ್ಕೆ ಚಕ್ರ ಮುಟ್ಟಿಸಬಾರದು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಒಳ್ಳೆಯ ಕೆಲಸಗಾರರಿಗೆ ಹೀಗೆ ಬರೆದುಕೊಟ್ಟರೆ ಅನುಕೂಲವೇ.

ಮೊದಲಿನವರಿಗೆ ಫೋಟೋಗಳ ಜೊತೆ ಪತ್ರ ಬರೆದೆ. ಕೊಟ್ಟ ಹಣ ಮತ್ತು ಹೊಸ ಸಿಯರಿನ ಖರ್ಚು ಕೇಳಿದೆ, ಹದಿನೈದು ದಿನ ಟೈಮ್ ಕೊಟ್ಟೆ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದ್ದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಅಲ್ಲಿಗೆ ಹೋಗಬೇಕಾಗಲಿಲ್ಲ. ಹನ್ನೆರಡನೇ ದಿನ ಅವರೇ ಮನೆಗೆ ಬಂದು ಪೂರ್ತಿ ಹಣ ಕೊಟ್ಟರು. ‘ಹಬ್ಬದ ಹೊತ್ತಲ್ಲಿ ಒಂದೇ ಸಲ ಇಪ್ಪತ್ತು ಕೋವಿ ತಗೊಂಡಿದ್ದೆ ಸಾರ್’ ಅಂದರು. ಕಾಫಿ ಕೊಟ್ಟೆವು. ಸಿಟ್ಟು ಇರಲಿಲ್ಲ ಅಂತಲ್ಲ. ಆದರೆ ಎರಡು .315ಗಳನ್ನು ಒಂದೇ ಬೆಂಚಿನ ಮೇಲೆ ಇನ್ನು ಬಿಚ್ಚುವುದಿಲ್ಲ, ಪ್ರತಿ ಬೋಲ್ಟಿಗೂ ಚೀಟಿ ಕಟ್ಟುತ್ತೇನೆ ಅಂತ ಅವರು ಹೇಳಿದ್ದು ನನಗೆ ಹಣಕ್ಕಿಂತ ಮುಖ್ಯವಾಗಿತ್ತು.

ಹೊಸ ಸಿಯರ್ ಹಾಕಿದ ಮೇಲೆ ಕಂಬಳಿಯ ಮೇಲೆ ಐವತ್ತು ಸಲ ಕುಟ್ಟಿ ನೋಡಿದೆ. ಸೂಜಿ ಅಲುಗಲಿಲ್ಲ. ತಕ್ಕಡಿಯಲ್ಲಿ ಎರಡೂವರೆ ಕೆಜಿ ತೋರಿಸಿತು. ಮುಂದಿನ ಹಬ್ಬಕ್ಕೆ ಮೂರು ಗುಂಡು ಹೊಡೆದೆ, ಮೂರನೆಯದು ಕಾಯಿಗೆ ತಾಗಿತು. ಅಕ್ಕನ ಮಗ ಕಾಯಿಯ ಕಡೆ ನೋಡಲೇ ಇಲ್ಲ. ಖಾಲಿ ತೋಟಾ ಹೆಕ್ಕಿಕೊಂಡು, ಜೇಬಿನಿಂದ ಬಾಗಿಸಿದ ತಂತಿ ತೆಗೆದು, ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ.