ಹೆಬ್ಬೆರಳಿಗೊಂದು ಗಿಡ್ಡ ತಂತಿ

ಬ್ಯಾಂಜೊ ಕಲಿಯುತ್ತಿದ್ದೇನೆ ಅಂದಾಗ ಅಮ್ಮ ಫೋನಿನಲ್ಲಿ "ಗುಂಡಿ ಒತ್ತಿ ನುಡಿಸ್ತಾರಲ್ಲ, ಅದೇನೋ?" ಅಂತ ಕೇಳಿದರು. ಅದಲ್ಲ. ಅದು ಬುಲ್‌ಬುಲ್ ತರಂಗ್, ನಮ್ಮಲ್ಲಿ ಅದಕ್ಕೂ ಬ್ಯಾಂಜೊ ಅಂತಲೇ ಹೆಸರು. ನಂದು ಐದು ತಂತಿಯದ್ದು. ಕೆಲಸಕ್ಕೆ ಅಂತ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದ ಮೇಲೆ ಹತ್ತಿದ ಹುಚ್ಚು.

ಇದು ಬೆಟ್ಟದ ಕಡೆಯ ಬಿಳಿಯರ ವಾದ್ಯ ಅಂತ ನಾನೂ ನಂಬಿದ್ದೆ. ನಿಜ ಬೇರೆ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಅಲ್ಲಿನ ನೆನಪಿನಲ್ಲೇ ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿಕೊಂಡ ವಾದ್ಯ ಇದು. ಆಮೇಲೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಇದನ್ನೇ ಹಿಡಿದು ಕಪ್ಪು ಜನರನ್ನು ಅಣಕಿಸಿದರು. 1920ರ ದಶಕದ ರೆಕಾರ್ಡ್ ಕಂಪನಿಗಳಂತೂ ಕಪ್ಪು ಜನರಿಗೆ ಬ್ಲೂಸ್, ಬಿಳಿಯರಿಗೆ ಪಿಟೀಲು-ಬ್ಯಾಂಜೊ ಅಂತ ಪಾಲು ಮಾಡಿಬಿಟ್ಟವು. ಮನೆಯಂಗಳದ ಕುಣಿತಗಳಿಗೆ ನುಡಿಸುತ್ತಿದ್ದ ಕಪ್ಪು ವಾದ್ಯಗಾರರು ರೆಕಾರ್ಡಿಗೆ ಬಂದಿದ್ದೇ ಕಮ್ಮಿ.

2005ರಲ್ಲಿ ಇದೇ ರಾಜ್ಯದ ಬೂನ್ ಊರಿನಲ್ಲಿ ಕಪ್ಪು ಬ್ಯಾಂಜೊ ವಾದಕರ ಸಮಾವೇಶ ನಡೆಯಿತು. ಅಲ್ಲಿ ಜೊತೆಯಾದ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಮೆಬೇನ್‌ನಲ್ಲಿದ್ದ ಜೋ ಥಾಂಪ್ಸನ್ ಅವರ ಮನೆಗೆ ಗುರುವಾರ ಗುರುವಾರ ಹೋಗಿ ಕೂತರು. ಜೋ ಎಂಬತ್ತು ದಾಟಿದ ಕಪ್ಪು ಪಿಟೀಲು ವಾದಕ, ಮನೆತನದಿಂದ ಬಂದ ವಿದ್ಯೆ. ಪಾಠ ಅಂತ ಏನೂ ಇಲ್ಲ, ಅವರು ನುಡಿಸೋದು, ಇವರು ಜೊತೆಗೆ ಹಿಡಿಯೋದು. ಹಾಗೆ ಹುಟ್ಟಿದ್ದೇ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್, ಮುಂದೆ ಗ್ರ್ಯಾಮಿಯನ್ನೂ ಗೆದ್ದ ತಂಡ. ಜೋ 2012ರಲ್ಲಿ ತೀರಿಕೊಂಡರು. ನಾನು ಬಂದಿದ್ದು ಆಮೇಲೆ. ಮೆಬೇನ್ ನನ್ನ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ, ಅದೇ ಹೊಟ್ಟೆಯುರಿ.

ನನ್ನ ಕಷ್ಟವೆಲ್ಲ ಬಲಗೈಯದು. ನಾನು ಕಲಿಯೋ ಶೈಲಿಯಲ್ಲಿ ತಂತಿಯನ್ನು ಮೀಟಿ ಎತ್ತೋ ಹಾಗಿಲ್ಲ. ಉಗುರಿನ ಬೆನ್ನಿನಿಂದ ಕೆಳಮುಖವಾಗಿ ಹೊಡೆಯಬೇಕು. ಅದೇ ಹೊಡೆತದಲ್ಲಿ ಹೆಬ್ಬೆರಳು ಗಿಡ್ಡ ಐದನೇ ತಂತಿಯ ಮೇಲೆ ಕೂತು, ಕೈ ಮೇಲೇಳುವಾಗ ಅದನ್ನು ಬಿಡಬೇಕು. ಆ ತಂತಿಯ ಸ್ವರ ಬದಲಾಗೋದೇ ಇಲ್ಲ, ತಂಬೂರಿಯ ಹಾಗೆ, ಆದರೆ ತಾಳ ಹಾಕುತ್ತಾ ಕೂಗೋ ತಂಬೂರಿ. ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ಕಾಗದದಲ್ಲಿ ಬರೆದ ಟ್ಯಾಬ್ ನೋಡಿ ನಾಲ್ಕು ತಿಂಗಳು ಕುಟ್ಟಿದೆ. ಸ್ವರ ಎಲ್ಲಾ ಸರಿ, ಜೀವ ಮಾತ್ರ ಇಲ್ಲ.

ಇಲ್ಲಿನ ಡರಮ್ ಊರಿನಲ್ಲಿ ಒಂದು ಸಂಜೆ ಜೊತೆಗೂಡಿ ನುಡಿಸುವಾಗ ಪಕ್ಕದಲ್ಲಿ ಕೂತಿದ್ದ ಪಿಟೀಲಿನ ಹುಡುಗ, ಕಪ್ಪು ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಕಾಗದವನ್ನು ಸುಮ್ನೆ ಮಗುಚಿಟ್ಟ. "ನನ್ನ ಕಾಲು ನೋಡಿ" ಅಂದ. ಅವನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು, ಗಿಡ್ಡ ಕಮಾನು ಅದರ ಜೊತೆಗೇ ಹಿಂದೆ ಮುಂದೆ ಆಡುತ್ತಿತ್ತು. ನಾನು ಎರಡೇ ಸ್ವರ ಇಟ್ಟುಕೊಂಡು ಹಿಮ್ಮಡಿಗೆ ಹೊಡೆಯುತ್ತಾ ಹೋದೆ. ಒಂದೇ ಮಟ್ಟು, ಹದಿನೈದು ನಿಮಿಷ! ನಡುವೆ ಎಲ್ಲೋ ಹೆಬ್ಬೆರಳು ತಾನಾಗಿಯೇ ಬೀಳತೊಡಗಿತು.

ಉಗುರು ಮುರಿದಿದ್ದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಈಗ ಪಿಂಗ್‌ಪಾಂಗ್ ಚೆಂಡಿನ ಚೂರು ಕತ್ತರಿಸಿ ಅಂಟಿಸಿಕೊಳ್ಳುತ್ತೇನೆ. ಮಗಳ ಚೆಂಡುಗಳು ಒಂದೊಂದಾಗಿ ಕಾಣೆಯಾಗುತ್ತಿವೆ, ಅವಳಿಗಿನ್ನೂ ಅನುಮಾನ ಬಂದಿಲ್ಲ.